ಹಿಮಕುಸಿತ: ಅಂದಾಜೂ ಹೊಣೆಯೂ

‘ಹಿಮಪಾತ’ವೆಂಬ ಒಂದೇ ಶಬ್ದವನ್ನು ನಾವು ಕನ್ನಡದಲ್ಲಿ ಎರಡು ಭಿನ್ನ ಸಂಗತಿಗಳಿಗೆ ಬಳಸುತ್ತ ಬಂದಿದ್ದೇವೆ. ಮುಗಿಲಿನಿಂದ ಹಿಮವು ಹಗುರವಾಗಿ ಉದುರುವುದೂ ಹಿಮಪಾತವೇ. ಬೆಟ್ಟದ ಮೈಮೇಲೆ ನೆಲೆನಿಂತ ಹಿಮವು ಒಮ್ಮೆಲೇ ಕಳಚಿಕೊಂಡು ಕಣಿವೆಗೆ ನುಗ್ಗಿ, ಎದುರಾದುದನ್ನೆಲ್ಲ ಹೂತುಹಾಕುವುದೂ ಹಿಮಪಾತವೇ. ಹಿಮವನ್ನೇ ಕಾಣದ ನಾಡಿನ ಭಾಷೆಗೆ ಈ ಭೇದವನ್ನು ಗುರುತಿಸುವ ಅಗತ್ಯ ಬೀಳಲಿಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಎರಡು ವಸ್ತುಗಳಿಗೆ ಒಂದೇ ಹೆಸರಿಟ್ಟರೆ ವಿಚಾರವೂ ಮಸುಕಾಗುತ್ತದೆ. ಮೊದಲನೆಯದು ಆಕಾಶದ ಘಟನೆ. ಎರಡನೆಯದು ನೆಲದ ಘಟನೆ. ಮೊದಲನೆಯದು ನಿಂತು ಎಷ್ಟೋ ದಿನಗಳಾದ ಮೇಲೆ, ಆಕಾಶವು ತಿಳಿಯಾಗಿ ಬಿಸಿಲು ಬಿದ್ದಿರುವಾಗಲೂ ಎರಡನೆಯದು ನಡೆಯಬಹುದು. ಆದುದರಿಂದ ಈ ಲೇಖನದಲ್ಲಿ ಮೊದಲನೆಯದನ್ನು ಹಿಮಪಾತವೆಂದೂ ಎರಡನೆಯದನ್ನು ಹಿಮಕುಸಿತವೆಂದೂ ಕರೆಯುತ್ತೇವೆ.

ಈ ವಿಷಯವು ನಮಗೆ ದೂರದ್ದೆಂದು ಕೆಲವು ವಾಚಕರಿಗೆ ತೋರಬಹುದು. ಹಾಗೆ ಭಾವಿಸುವುದು ಸರಿಯಲ್ಲ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಪ್ರದೇಶದ ಸೋನಂ ಠಾಣೆಯ ಮೇಲೆ ಹಿಮದ ಭಾರಿ ಗೋಡೆಯೊಂದು ಕುಸಿದು ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರೂ ಇದ್ದರು. ಆರು ದಿನಗಳ ತರುವಾಯ ಅವರು ಜೀವಸಹಿತ ದೊರೆತುದನ್ನೂ, ಫೆಬ್ರವರಿ ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದುದನ್ನೂ ನಾಡು ಮರೆತಿಲ್ಲ. ೨೦೨೨ರ ಅಕ್ಟೋಬರ್ ೪ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಪರ್ವತಾರೋಹಣ ಶಿಕ್ಷಣ ಪಡೆಯುತ್ತಿದ್ದ ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತು. ೨೭ ದೇಹಗಳು ದೊರೆತವು, ಇಬ್ಬರು ಪತ್ತೆಯಾಗಲಿಲ್ಲ. ಆ ತಂಡದಲ್ಲಿ ಕರ್ನಾಟಕದ ತರುಣರೂ ಇದ್ದರು. ಈಗಂತೂ ಚಳಿಗಾಲದ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವ ನಮ್ಮ ಕಾಲೇಜು ವಿದ್ಯಾರ್ಥಿಗಳು ವರ್ಷವರ್ಷವೂ ಕಾಣಸಿಗುತ್ತಾರೆ. ಹಿಮವನ್ನು ನೋಡಿ ಸಂತೋಷಪಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಹಿಮವನ್ನು ಓದಲು ಕಲಿಯದೆ ಅದರ ಮೇಲೆ ಕಾಲಿಡುವುದಕ್ಕೆ ಮಾತ್ರ ಅಡ್ಡಿಯಿದೆ.

ಹಿಮಕುಸಿತದ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ. ಅಪಾಯವನ್ನು ಮೊದಲೇ ಅರಿಯಬಹುದೆ ಎಂಬುದು ಒಂದು. ಅರಿತ ಮೇಲೆ ಮಾಡಬೇಕಾದುದೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನವು ಪೂರ್ಣವಲ್ಲದಿದ್ದರೂ ಉಪಯುಕ್ತವಾದ ಉತ್ತರವನ್ನು ಕೊಡಬಲ್ಲದು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಮನುಷ್ಯರು. ಇಂದು ಹೆಚ್ಚಿನ ಜೀವಗಳು ಹೋಗುತ್ತಿರುವುದು ಮೊದಲನೆಯ ಉತ್ತರದ ಕೊರತೆಯಿಂದಲ್ಲ, ಎರಡನೆಯದರ ಕೊರತೆಯಿಂದ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಸಮರ್ಥಿಸುವ ಮುನ್ನ ಹಿಮದ ಸ್ವಭಾವವನ್ನು ಸ್ವಲ್ಪ ತಿಳಿಯೋಣ.

ನೆಲದ ಮೇಲೆ ಬಿದ್ದ ಹಿಮವು ಸತ್ತ ವಸ್ತುವಲ್ಲ. ಬಿದ್ದ ಗಳಿಗೆಯಿಂದಲೇ ಅದು ಮಾರ್ಪಡತೊಡಗುತ್ತದೆ. ಒಂದೊಂದು ಸಲದ ಹಿಮಪಾತವೂ ಒಂದೊಂದು ಪದರವನ್ನು ಹಾಸುತ್ತದೆ. ನಡುವೆ ಬಂದ ಬಿಸಿಲು, ಗಾಳಿ, ಚಳಿಗಳು ಆ ಪದರಗಳ ಮೇಲೆ ತಮ್ಮ ಗುರುತನ್ನು ಬಿಡುತ್ತವೆ. ಹೀಗೆ ಫೆಬ್ರವರಿಯ ಹಿಮರಾಶಿಯನ್ನು ಕಡಿದು ನೋಡಿದರೆ ನವೆಂಬರಿನಿಂದ ಈಚೆಗೆ ನಡೆದ ಹವೆಯ ಚರಿತ್ರೆಯೆಲ್ಲ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇರುವುದು ಕಾಣುತ್ತದೆ.

ಈ ಹಾಳೆಗಳಲ್ಲಿ ಕೆಲವು ಗಟ್ಟಿ, ಕೆಲವು ದುರ್ಬಲ. ಇದಕ್ಕೆ ಮುಖ್ಯ ಕಾರಣ ಉಷ್ಣತೆಯ ವ್ಯತ್ಯಾಸ. ದಪ್ಪನಾದ ಹಿಮದ ಹೊದಿಕೆಯ ಕೆಳಗೆ ನೆಲವು ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈಯಾದರೋ ರಾತ್ರಿಯ ಚಳಿಗೆ ಬಹಳ ತಣ್ಣಗಾಗುತ್ತದೆ. ಮೇಲ್ಮೈಯ ಉಷ್ಣತೆ ಸೊನ್ನೆಗಿಂತ ೧೫ ಡಿಗ್ರಿ ಕೆಳಗಿದೆಯೆಂದು ಇಟ್ಟುಕೊಳ್ಳೋಣ. ಹಿಮದ ದಪ್ಪ ೩ ಮೀಟರು ಇದ್ದರೆ ಮೀಟರಿಗೆ ೫ ಡಿಗ್ರಿಯ ವ್ಯತ್ಯಾಸ. ದಪ್ಪ ಒಂದೇ ಮೀಟರು ಇದ್ದರೆ ಮೀಟರಿಗೆ ೧೫ ಡಿಗ್ರಿಯ ವ್ಯತ್ಯಾಸ. ಈ ಅಂಕಿ ಮೀಟರಿಗೆ ೧೦ ಡಿಗ್ರಿಯ ಒಳಗಿದ್ದರೆ ಹರಳುಗಳ ಮೂಲೆಗಳು ಸವೆದು ದುಂಡಗಾಗಿ, ಒಂದಕ್ಕೊಂದು ಬೆಸೆದುಕೊಂಡು, ಹಿಮವು ಗಟ್ಟಿಯಾಗುತ್ತ ಹೋಗುತ್ತದೆ. ಅದನ್ನು ಮೀರಿದರೆ ಕೆಳಗಿನ ಬೆಚ್ಚನೆಯ ಹರಳುಗಳಿಂದ ಆವಿಯೆದ್ದು ಮೇಲಿನ ತಣ್ಣನೆಯ ಹರಳುಗಳ ಮೇಲೆ ಕೂತು, ಮೂಲೆ ಮೂಲೆಯಾದ ದೊಡ್ಡ ಹರಳುಗಳು ಬೆಳೆಯುತ್ತವೆ. ಇವು ಒಂದಕ್ಕೊಂದು ಅಂಟುವುದಿಲ್ಲ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸೋರಿ ಬೀಳುತ್ತವೆ.

ಇದರಿಂದ ಸಾಮಾನ್ಯ ಬುದ್ಧಿಗೆ ವಿರುದ್ಧವೆನಿಸುವ ಒಂದು ಮಾತು ಹೊರಡುತ್ತದೆ: ಹಿಮ ತೆಳುವಾಗಿದ್ದರೆ ಅಪಾಯ ಕಡಮೆಯೆಂದು ಹೇಳುವಂತಿಲ್ಲ. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಬಿದ್ದು, ತೀವ್ರವಾದ ಚಳಿಯಲ್ಲಿ ವಾರಗಟ್ಟಲೆ ಉಳಿದ ಹಿಮವೇ ಮುಂದೆ ಬರುವ ಭಾರವನ್ನು ಹೊರಲಾರದ ತಳಹದಿಯಾಗುತ್ತದೆ. ಪೀರ್ ಪಂಜಾಲ್ ಶ್ರೇಣಿಯಲ್ಲಿ ಹಿಮ ಹೆಚ್ಚು, ಚಳಿ ಅಷ್ಟು ತೀವ್ರವಲ್ಲ. ಲಡಾಖ್ ಮತ್ತು ಕಾರಕೋರಂ ಭಾಗಗಳಲ್ಲಿ ಚಳಿ ಕ್ರೂರ. ಸಕ್ಕರೆಯಂಥ ದುರ್ಬಲ ಪದರಗಳು ಎರಡನೆಯ ಬಗೆಯ ಪ್ರದೇಶದಲ್ಲಿ ಸುಲಭವಾಗಿ ಬೆಳೆಯುತ್ತವೆ. ಹಿಮಾಲಯಕ್ಕೆಲ್ಲ ಒಂದೇ ನಿಯಮವನ್ನು ಹೇಳಲಾಗದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ದುರ್ಬಲ ಪದರದ ಮೇಲೆ ಗಟ್ಟಿಯಾದ ಪದರವೊಂದು ಕೂತರೆ ಹಿಮಕುಸಿತಕ್ಕೆ ಸಿದ್ಧತೆ ಮುಗಿದಂತೆ. ರಾಗಿಯ ಕಾಳನ್ನು ಹರಡಿದ ಓರೆಯಾದ ಮಣೆಯ ಮೇಲೆ ಕಲ್ಲಿನ ಚಪ್ಪಡಿಯನ್ನು ಇಟ್ಟಂತೆ ಅದರ ಸ್ಥಿತಿ. ಇಂಥ ಚಪ್ಪಡಿಯನ್ನು ಕಟ್ಟುವುದರಲ್ಲಿ ಗಾಳಿಯು ಬಲು ಚುರುಕು. ಒಂದು ಮಗ್ಗುಲಿನ ಹಿಮವನ್ನು ಅದು ಎತ್ತಿ, ಹರಳುಗಳನ್ನು ಪುಡಿಗುಟ್ಟಿ, ಗಾಳಿಯ ಮರೆಯ ಮಗ್ಗುಲಿನಲ್ಲಿ ಒತ್ತಾಗಿ ತುಂಬುತ್ತದೆ. ಹೊಸ ಹಿಮ ಒಂದಿಷ್ಟೂ ಬೀಳದೆ, ಕೆಲವೇ ಗಂಟೆಗಳಲ್ಲಿ, ಇಳಿಜಾರೊಂದು ಅಪಾಯದ ಸ್ಥಿತಿಗೆ ಬರಬಹುದು. ಆಮೇಲೆ ಒಬ್ಬ ಮನುಷ್ಯನ ಹೆಜ್ಜೆಯ ಭಾರವೂ ಸಾಕು. ದುರ್ಬಲ ಪದರದಲ್ಲಿ ಹುಟ್ಟಿದ ಬಿರುಕು ಕಣ್ಣು ಮಿಟುಕಿಸುವುದರೊಳಗೆ ಇಳಿಜಾರಿನ ಉದ್ದಕ್ಕೂ ಓಡಿ, ಇಡಿಯ ಚಪ್ಪಡಿಯೇ ಕಳಚಿಕೊಳ್ಳುತ್ತದೆ.

ಅದರ ಭಾರವೆಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ೫೦ ಮೀಟರು ಉದ್ದ, ೫೦ ಮೀಟರು ಅಗಲ, ೬೦ ಸೆಂಟಿಮೀಟರು ದಪ್ಪದ ಸಾಧಾರಣ ಚಪ್ಪಡಿಯೆಂದರೆ ೧,೫೦೦ ಘನಮೀಟರು. ಘನಮೀಟರಿಗೆ ೨೫೦ ಕಿಲೋಗ್ರಾಂ ಸಾಂದ್ರತೆ ಹಿಡಿದರೆ ಒಟ್ಟು ೩೭೫ ಟನ್ನು! ಹತ್ತಿಯಂತೆ ಉದುರಿದ ಹಿಮವು ಮನೆಗಳನ್ನು ಹೇಗೆ ಕೆಡವಬಲ್ಲುದೆಂದು ಬೆರಗಾಗುವವರಿಗೆ ಈ ಅಂಕಿಯೇ ಉತ್ತರ.

ಎಲ್ಲ ಇಳಿಜಾರುಗಳೂ ಸಮಾನವಾಗಿ ಅಪಾಯಕರವಲ್ಲ. ಚಪ್ಪಡಿಯಾಗಿ ಜಾರುವ ಹಿಮಕುಸಿತಗಳಲ್ಲಿ ಬಹುಪಾಲು ೩೦ರಿಂದ ೪೫ ಡಿಗ್ರಿಯ ಇಳಿಜಾರುಗಳಲ್ಲಿ ಹುಟ್ಟುತ್ತವೆ. ಅದಕ್ಕಿಂತ ಬಹಳ ಕಡಿದಾದ ಕಡೆ ಹಿಮವು ನಿಲ್ಲದೆ ಆಗಾಗ ಉದುರಿಹೋಗುತ್ತದೆ. ೨೫ ಡಿಗ್ರಿಗಿಂತ ಕಡಮೆಯಿದ್ದರೆ ಜಾರುವುದು ಅಪರೂಪ. ಆದರೆ ಮೇಲೆ ಹುಟ್ಟಿದುದು ಕೆಳಗಿನ ಸಮತಟ್ಟಿಗೂ ನುಗ್ಗಿ ಬರುತ್ತದೆಯಾದುದರಿಂದ ಕಾಲಡಿಯ ಇಳಿಜಾರನ್ನಷ್ಟೇ ಅಳೆದರೆ ಸಾಲದು, ತಲೆಯ ಮೇಲಿರುವುದನ್ನೂ ಅಳೆಯಬೇಕು.

ಈ ಜ್ಞಾನವು ಅಡಿಗಡಿಗೆ ಜೀವವನ್ನು ತೆತ್ತು ಗಳಿಸಿದ್ದು. ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಿರುವ ವೈಸ್‌ಫ್ಲೂಯೋಕ್ ಎಂಬಲ್ಲಿ ೧೯೩೬ರಲ್ಲಿ ವಿಜ್ಞಾನಿಗಳು ಹಿಮದ ಗೂಡೊಂದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಈ ಅಧ್ಯಯನವನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ೧೯೬೯ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ೨೦೨೦ರಲ್ಲಿ ಅದನ್ನು ಇನ್ನೊಂದು ಪ್ರಯೋಗಾಲಯದೊಡನೆ ಕೂಡಿಸಿ ಚಂಡೀಗಢದಲ್ಲಿ ರಕ್ಷಣಾ ಭೂಮಾಹಿತಿ ಸಂಶೋಧನ ಸಂಸ್ಥೆಯನ್ನು ರಚಿಸಲಾಯಿತು. ಹಿಮಾಲಯದ ಹಿಮಕುಸಿತದ ಮುನ್ಸೂಚನೆಗಳನ್ನು ಈಗ ಹೊರಡಿಸುವುದು ಈ ಸಂಸ್ಥೆ.

ಅಂದಾಜು ಮಾಡುವ ಕ್ರಮವಾದರೂ ಹೇಗೆ? ಸುರಕ್ಷಿತವಾದ ಸ್ಥಳದಲ್ಲಿ ಹಿಮದಲ್ಲಿ ಗುಂಡಿ ತೋಡಿ, ಪದರಗಳ ಗಡಸುತನ, ಹರಳಿನ ಆಕಾರ, ಉಷ್ಣತೆಗಳನ್ನು ಬರೆದುಕೊಳ್ಳುತ್ತಾರೆ. ೩೦ ಸೆಂಟಿಮೀಟರು ಚೌಕದ ಹಿಮದ ಕಂಬವೊಂದನ್ನು ಸುತ್ತಲಿನಿಂದ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು ತಟ್ಟುತ್ತಾರೆ: ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಹೆಗಲಿನಿಂದ ಹತ್ತು ಸಲ. ಎಷ್ಟನೆಯ ಪೆಟ್ಟಿಗೆ, ಯಾವ ಪದರದಲ್ಲಿ ಕಂಬ ಮುರಿಯಿತೆಂಬುದು ಹಿಮದ ಬಲವನ್ನು ಸೂಚಿಸುತ್ತದೆ. ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಆದರೆ ಇದರ ಮಿತಿಯನ್ನೂ ಹೇಳಬೇಕು. ಗುಂಡಿ ತೋಡಿದ ಸ್ಥಳದ ವಿಷಯವಷ್ಟೇ ಗುಂಡಿಯಿಂದ ತಿಳಿಯುತ್ತದೆ. ಇಪ್ಪತ್ತು ಮಾರು ಆಚೆ ಹಿಮದ ಸ್ಥಿತಿ ಬೇರೆಯಿರಬಹುದು. ಕಂಬ ಮುರಿದರೆ ಅಪಾಯವಿದೆಯೆಂದು ನಂಬತಕ್ಕದ್ದು. ಮುರಿಯದಿದ್ದರೆ ಅಪಾಯವಿಲ್ಲವೆಂದು ನಂಬಲಾಗದು.

ಇಂಥ ಅನೇಕ ಅವಲೋಕನಗಳನ್ನೂ ಹವೆಯ ಮುನ್ಸೂಚನೆಯನ್ನೂ ಕೂಡಿಸಿ ಅಪಾಯವನ್ನು ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ತಿಳಿಸುವ ಪದ್ಧತಿ ಯೂರೋಪಿನಲ್ಲಿ ೧೯೯೩ರಿಂದ ರೂಢಿಯಲ್ಲಿದೆ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಐದಕ್ಕೆ ಮೂರು ಎಂದರೆ ಪರೀಕ್ಷೆಯಲ್ಲಿ ನಡುಮಟ್ಟದ ಗುಣ. ಹಿಮದಲ್ಲಿ ಹಾಗಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಪರ್ವತ ಸಂಚಾರಿಗಳ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಮೂರನೆಯ ಮಟ್ಟದ ದಿನಗಳಲ್ಲೇ ಸಂಭವಿಸುತ್ತವೆ. ಐದನೆಯ ಮಟ್ಟದ ದಿನ ಯಾರೂ ಬೆಟ್ಟಕ್ಕೆ ಹೋಗುವುದಿಲ್ಲ. ಮೂರನೆಯ ಮಟ್ಟದ ದಿನ ‘ನಡುಮಟ್ಟವಷ್ಟೆ’ ಎಂದು ಹೋಗುತ್ತಾರೆ.

ಇಲ್ಲಿಗೆ ನಾವು ಎರಡನೆಯ ಪ್ರಶ್ನೆಗೆ ಬಂದಂತಾಯಿತು. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬವರು ೭೦೦ಕ್ಕೂ ಮಿಕ್ಕ ಹಿಮಕುಸಿತದ ಅಪಘಾತಗಳನ್ನು ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿದ ವಿಚಾರಗಳು ಗಮನಾರ್ಹವಾಗಿವೆ. ಅಪಾಯದ ಲಕ್ಷಣಗಳು ಎದುರಿಗೇ ಇದ್ದರೂ ಜನ ಮುಂದುವರಿದಿದ್ದರು. ಅವರಲ್ಲಿ ತರಬೇತಿ ಪಡೆದವರೂ ಇದ್ದರು. ಪರಿಚಿತವಾದ ದಾರಿಯೆಂಬ ಸಲಿಗೆ, ಶಿಖರವನ್ನು ಮುಟ್ಟಲೇಬೇಕೆಂಬ ಹಟ, ಮುಂದಾಳಿಗೆ ಎಲ್ಲ ತಿಳಿದಿದೆಯೆಂಬ ನಂಬಿಕೆ, ಉಳಿದವರು ಹೋಗುತ್ತಿದ್ದಾರೆಂಬ ಧೈರ್ಯ — ಇವೇ ಅವರ ಬುದ್ಧಿಗೆ ಕವಿದ ಮಂಜು.

ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸುವೆವು. ಹಿಮವು ತಪ್ಪು ಮಾಡಿದವರಿಗೆಲ್ಲ ಶಿಕ್ಷೆ ಕೊಡುವುದಿಲ್ಲ. ಅಪಾಯಕರವಾದ ಇಳಿಜಾರನ್ನು ದಾಟಿದವರಲ್ಲಿ ಹೆಚ್ಚಿನವರು ಕ್ಷೇಮವಾಗಿ ಆಚೆ ಸೇರುತ್ತಾರೆ. ತಮ್ಮ ಎಣಿಕೆ ಸರಿಯಾಗಿತ್ತೆಂದು ನಂಬುತ್ತಾರೆ. ಒಂದು ದಿನದ ಅಪಾಯ ನೂರಕ್ಕೆ ಒಂದರಷ್ಟೇ ಎಂದು ಊಹಿಸೋಣ. ಮೂವತ್ತು ದಿನ ಹಾಗೆಯೇ ನಡೆದರೆ ಒಮ್ಮೆಯಾದರೂ ಸಿಕ್ಕಿಬೀಳುವ ಸಂಭವ ನೂರಕ್ಕೆ ಸುಮಾರು ೨೬. ಇಪ್ಪತ್ತೊಂಬತ್ತು ದಿನ ಏನೂ ಆಗಲಿಲ್ಲವೆಂಬುದು ಮೂವತ್ತನೆಯ ದಿನಕ್ಕೆ ರಕ್ಷೆಯಲ್ಲ. ಅನುಭವವೇ ಗುರುವೆಂಬ ಮಾತು ಬಹಳ ಕಡೆ ನಿಜ. ಇಲ್ಲಿ ಮಾತ್ರ ಆ ಗುರು ಎಷ್ಟೋ ವೇಳೆ ಸುಳ್ಳು ಪಾಠವನ್ನು ಹೇಳುತ್ತಾನೆ.

ಮುನ್ಸೂಚನೆ ಎಷ್ಟೋ ಸಲ ಹುಸಿಯಾಗುವುದರಿಂದ ಅದನ್ನು ನಂಬಿ ರಸ್ತೆ ಮುಚ್ಚುವುದು, ಕೆಲಸ ನಿಲ್ಲಿಸುವುದು ನಷ್ಟಕರವಲ್ಲವೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಗಡಿಯ ರಸ್ತೆ ಮುಚ್ಚಿದರೆ ಹಳ್ಳಿಗಳಿಗೆ ಔಷಧ ಮುಟ್ಟುವುದಿಲ್ಲ. ಕೆಲಸ ನಿಂತರೆ ಕೂಲಿಯೂ ನಿಲ್ಲಬಹುದು. ಆದರೆ ಮುನ್ಸೂಚನೆಯು ಭವಿಷ್ಯವಾಣಿಯಲ್ಲ. ‘ನಾಳೆ ಇಂಥ ಕಡೆ ಕುಸಿಯುತ್ತದೆ’ ಎಂದು ಅದು ಹೇಳುವುದಿಲ್ಲ. ‘ನಾಳೆ ಕುಸಿಯಲು ಅನುಕೂಲವಾದ ಸ್ಥಿತಿಯಿದೆ’ ಎಂದು ಹೇಳುತ್ತದೆ. ಕುಸಿಯದಿದ್ದ ಮಾತ್ರಕ್ಕೆ ಅದು ಸುಳ್ಳಾಗಲಿಲ್ಲ. ಆ ದಿನದ ನಷ್ಟವನ್ನು ವ್ಯರ್ಥವೆಂದು ಎಣಿಸದೆ, ಜೀವವಿಮೆಯ ಕಂತೆಂದು ಎಣಿಸುವುದು ಯುಕ್ತ.

ಇದು ಬರಿಯ ಆದರ್ಶದ ಮಾತಲ್ಲವೆಂಬುದಕ್ಕೆ ಆಲ್ಪ್ಸ್ ಪರ್ವತದ ಚರಿತ್ರೆ ಸಾಕ್ಷಿ. ೧೯೫೧ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದಿಂದ ೯೮ ಮಂದಿ ಮಡಿದರು. ಆ ಬಳಿಕ ಆ ದೇಶವು ಇಳಿಜಾರುಗಳಲ್ಲಿ ಬೇಲಿಗಳನ್ನು ಹಾಕಿತು, ಕಾಡನ್ನು ಕಾಪಾಡಿತು, ಎಲ್ಲಿ ಮನೆ ಕಟ್ಟಕೂಡದೆಂಬ ನಕ್ಷೆಗಳನ್ನು ಬರೆಯಿತು, ಮುನ್ಸೂಚನೆಗೆ ತಕ್ಕಂತೆ ರಸ್ತೆ ಮುಚ್ಚುವುದನ್ನೂ ಮನೆ ತೆರವು ಮಾಡುವುದನ್ನೂ ರೂಢಿಗೆ ತಂದಿತು. ೧೯೯೯ರ ಫೆಬ್ರವರಿಯಲ್ಲಿ ಮತ್ತೆ ಭಯಂಕರವಾದ ಹಿಮ ಬಿದ್ದಾಗ ಅಲ್ಲಿ ಸತ್ತವರು ೧೭ ಮಂದಿ. ಅದೇ ತಿಂಗಳು ೨೩ರಂದು ಪಕ್ಕದ ಆಸ್ಟ್ರಿಯದ ಗಾಲ್ಟ್ಯೂರ್ ಹಳ್ಳಿಯಲ್ಲಿ, ಸುರಕ್ಷಿತವೆಂದು ನಕ್ಷೆಯಲ್ಲಿ ಗುರುತಿಸಿದ್ದ ಭಾಗಕ್ಕೂ ಹಿಮವು ನುಗ್ಗಿ ೩೧ ಮಂದಿಯನ್ನು ಕೊಂದಿತು. ಜ್ಞಾನದಿಂದ ಸಾವುಗಳು ಕಡಮೆಯಾಗುತ್ತವೆ. ಆದರೆ ಜ್ಞಾನಕ್ಕೂ ಅಂಚುಂಟು. ಈ ಎರಡು ಪಾಠಗಳನ್ನೂ ಒಟ್ಟಿಗೇ ಕಲಿಯಬೇಕು.

ಈಗ ನಮ್ಮ ದೇಶಕ್ಕೆ ಬರೋಣ. ೨೦೨೫ರ ಫೆಬ್ರವರಿ ೨೭ರ ಸಂಜೆ ಉತ್ತರಾಖಂಡದ ಚಮೋಲಿ ಮೊದಲಾದ ಜಿಲ್ಲೆಗಳ ಎತ್ತರದ ಭಾಗಗಳಿಗೆ ಹಿಮಕುಸಿತದ ಎಚ್ಚರಿಕೆ ಹೊರಟಿತ್ತು. ಮರುದಿನ ಬೆಳಗ್ಗೆ ಬದರೀನಾಥದ ಆಚೆಯ ಮಾಣಾ ಗ್ರಾಮದ ಬಳಿ ರಸ್ತೆ ಕೆಲಸಗಾರರ ಶಿಬಿರದ ಮೇಲೆ ಹಿಮವು ಕುಸಿಯಿತು. ಸಿಕ್ಕಿಕೊಂಡ ೫೪ ಮಂದಿಯಲ್ಲಿ ೪೬ ಮಂದಿಯನ್ನು ರಕ್ಷಕರು ಉಳಿಸಿಕೊಂಡರು. ಎಂಟು ಮಂದಿ ತೀರಿಕೊಂಡರು. ದೂರದಲ್ಲಿ ಕುಳಿತು ಯಾರ ಮೇಲೂ ತೀರ್ಪು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ: ವಿಜ್ಞಾನವು ಹೇಳಬೇಕಾದುದನ್ನು ಹೇಳಿತ್ತು. ಎಚ್ಚರಿಕೆಗೂ ಕುಸಿತಕ್ಕೂ ನಡುವೆ ಒಂದು ರಾತ್ರಿಯಿತ್ತು. ಆ ಒಂದು ರಾತ್ರಿಯನ್ನು ಬಳಸಿಕೊಳ್ಳುವ ಕ್ರಮವು ಎಲ್ಲ ಕಡೆಯೂ ಮೊದಲೇ ಸಿದ್ಧವಾಗಿರಬೇಕೆಂಬುದೇ ನಮ್ಮ ವಾದದ ತಿರುಳು.

ಅಪಾಯವನ್ನು ಎದುರಿಸುವವರಲ್ಲಿ ಎರಡು ವರ್ಗಗಳಿವೆ. ಚಾರಣಿಗನು ತನ್ನಿಚ್ಛೆಯಿಂದ ಹೋಗುತ್ತಾನೆ, ಬೇಡವೆನಿಸಿದರೆ ಹಿಂದಿರುಗಬಲ್ಲ. ಯೋಧನೂ ರಸ್ತೆಯ ಕೂಲಿಕಾರನೂ ಹಾಗಲ್ಲ, ಇರೆಂದಲ್ಲಿ ಇರಬೇಕಾದವರು. ಮೊದಲನೆಯವನ ವಿಷಯದಲ್ಲಿ ಅಂದಾಜಿನ ಹೊಣೆ ಬಹುಮಟ್ಟಿಗೆ ಅವನದೇ. ಎರಡನೆಯವರ ವಿಷಯದಲ್ಲಿ ಆ ಹೊಣೆ ಆಜ್ಞೆ ಕೊಡುವವರ ಮೇಲೆ ಬೀಳುತ್ತದೆ. ಹಿಂದಿರುಗುವ ಸ್ವಾತಂತ್ರ್ಯವಿಲ್ಲದವನ ಪರವಾಗಿ ಇನ್ನೊಬ್ಬನು ಎರಡರಷ್ಟು ಎಚ್ಚರವಾಗಿರುವುದು ನ್ಯಾಯ. ಸೋನಂ ಠಾಣೆಯ ಮೇಲೆ ಕುಸಿದಂಥ ಹಿಮದ ಗೋಡೆಯನ್ನು ಗುಂಡಿ ತೋಡುವ ಪರೀಕ್ಷೆಯಿಂದ ಅರಿಯಲಾಗದು. ಅಂಥ ಕಡೆ ಬಿಡಾರದ ಸ್ಥಳವನ್ನು ಆರಿಸುವುದರಲ್ಲೂ ರಕ್ಷಣೆಯ ಸಿದ್ಧತೆಯಲ್ಲೂ ಹೊಣೆ ಇನ್ನೂ ಹೆಚ್ಚು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಎಚ್ಚರಿಕೆಯ ಒಂದೊಂದು ಮಟ್ಟಕ್ಕೂ ಮಾಡತಕ್ಕ ಕೆಲಸ ಚಳಿಗಾಲಕ್ಕೆ ಮುಂಚೆಯೇ ಬರಹದಲ್ಲಿ ನಿಶ್ಚಯವಾಗಿರಬೇಕು. ಯಾವ ಮಟ್ಟಕ್ಕೆ ರಸ್ತೆ ಮುಚ್ಚಬೇಕು, ಯಾವ ಮಟ್ಟಕ್ಕೆ ಶಿಬಿರ ತೆರವಾಗಬೇಕು ಎಂಬುದನ್ನು ಬಿರುಗಾಳಿಯ ರಾತ್ರಿ ಚರ್ಚಿಸಲಾಗದು. ಎರಡನೆಯದಾಗಿ, ಎಚ್ಚರಿಕೆಯು ಅಧಿಕಾರಿಯ ಮೇಜಿನವರೆಗೆ ಬಂದು ನಿಲ್ಲದೆ, ಡೇರೆಯಲ್ಲಿ ಮಲಗುವವನಿಗೆ ಅವನ ಭಾಷೆಯಲ್ಲಿ ಮುಟ್ಟಬೇಕು. ಹಿಮದ ಮೊದಲ ಪಾಠ ಅವನಿಗೂ ದೊರೆಯಬೇಕು. ಕಾಲಡಿಯಲ್ಲಿ ‘ಧುಂ’ ಎಂಬ ಸದ್ದಾಗಿ ಹಿಮ ಕುಸಿದುಕೂತರೆ, ಹೆಜ್ಜೆಯ ಬಳಿಯಿಂದ ಬಿರುಕು ಓಡಿದರೆ, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ ಹಿಮ್ಮೆಟ್ಟಬೇಕೆಂದು ಅರಿಯಲು ಪದವಿ ಬೇಕಾಗಿಲ್ಲ. ಮೂರನೆಯದಾಗಿ, ಪ್ರತಿಯೊಂದು ಅಪಘಾತದ ವಿಚಾರಣೆಯ ವರದಿಯೂ ಸಾಮಾನ್ಯರು ಓದುವಂತೆ ಪ್ರಕಟವಾಗಬೇಕು. ಹಿಮವು ಸುಳ್ಳು ಪಾಠ ಹೇಳುವಲ್ಲಿ ನಿಜವಾದ ಪಾಠ ದೊರೆಯುವುದು ಇಂಥ ವರದಿಗಳಿಂದಲೇ.

ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಹಿಮದಡಿ ಸಿಕ್ಕಿದವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಂಭವ ಬಹಳ. ಆಮೇಲೆ ಉಸಿರುಗಟ್ಟಿ ಅದು ಬೇಗಬೇಗನೆ ಇಳಿದುಹೋಗುತ್ತದೆ. ಹನುಮಂತಪ್ಪನವರ ಆರು ದಿನಗಳು ಅಸಾಧಾರಣವಾದ ಅಪವಾದ. ಇಷ್ಟು ಅಲ್ಪ ಕಾಲದಲ್ಲಿ ಹೊರಗಿನ ನೆರವು ಬಂದು ಮುಟ್ಟುವುದಿಲ್ಲ, ಜೊತೆಯವರೇ ಉಳಿಸಬೇಕು. ಆದುದರಿಂದ ಹಿಮದ ಇಳಿಜಾರಿಗೆ ಹೋಗುವ ಪ್ರತಿಯೊಬ್ಬನಲ್ಲೂ ಸಂಕೇತ ಕಳುಹಿಸುವ ರೇಡಿಯೋ ಸಾಧನ, ಚುಚ್ಚಿ ಹುಡುಕುವ ಉದ್ದನೆಯ ಸರಳು, ಸಲಿಕೆ — ಇವು ಮೂರೂ ಇರಬೇಕು. ಬಳಸುವ ಅಭ್ಯಾಸವೂ ಇರಬೇಕು. ಕರೆದೊಯ್ಯುವವರನ್ನು ಹಣ ಕೊಡುವ ಮುನ್ನವೇ ಕೇಳಿರಿ: ಇಂದಿನ ಮುನ್ಸೂಚನೆಯನ್ನು ಯಾರು ಓದುತ್ತಾರೆ? ಹಿಂದಿರುಗುವ ನಿರ್ಧಾರ ಯಾರದು? ಶಿಖರ ಮುಟ್ಟದೆ ತಂಡವನ್ನು ಹಿಂದಕ್ಕೆ ಕರೆತಂದ ಮುಂದಾಳಿಯನ್ನು ಹಳಿಯಬೇಡಿರಿ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ.

ಹಿಮಾಲಯಕ್ಕೆ ಎಂದೂ ಹೋಗದವರಿಗೂ ಈ ವಿಚಾರ ಅಪ್ರಸ್ತುತವಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ೨೦೨೪ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡಗಳು ಕುಸಿದುದನ್ನು ನಾವು ಕಂಡಿದ್ದೇವೆ. ಅಲ್ಲಿ ಹಿಮದ ಬದಲು ಮಣ್ಣು, ಹರಳಿನ ಬದಲು ನೀರು ಕುಡಿದ ಪದರ. ಆದರೆ ಪ್ರಶ್ನೆಗಳು ಅವೇ: ಇಳಿಜಾರು ಎಷ್ಟು, ಅದರೊಳಗಿನ ದುರ್ಬಲ ಪದರ ಯಾವುದು, ಮೇಲೆ ಬಿದ್ದ ಭಾರವೆಷ್ಟು, ಎಚ್ಚರಿಕೆ ಬಂದ ರಾತ್ರಿ ಯಾರು ಯಾರನ್ನು ಎಬ್ಬಿಸಬೇಕು. ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಇಂದಿನ ವಿದ್ಯಾರ್ಥಿಗಳ ನಡುವಿನಿಂದಲೇ ಬರಬೇಕು. ನಾಲ್ಕನೆಯದಕ್ಕೆ ಉತ್ತರವನ್ನು ನಾವೆಲ್ಲರೂ ಸೇರಿ, ಮುಂದಿನ ಮಳೆಗಾಲ ಚಳಿಗಾಲಗಳು ಬರುವುದರೊಳಗಾಗಿ, ಬರೆದಿಡಬೇಕು.